77ರಲ್ಲಿ ಆಸ್ಕರ್ ಗೆದ್ದ ಅಜ್ಜಿ ಅಲ್ಲಿಯವರೆಗೆ ಏನು ಮಾಡುತ್ತಿದ್ದರು?

ಪ್ರಶ್ನೆ: ‘ಎ ಪ್ಯಾಸೇಜ್ ಟು ಇಂಡಿಯಾ’ ಸಿನಿಮಾದಲ್ಲಿ ಮಿಸೆಸ್ ಮೂರ್ ಆಗಿದ್ದ ಪೆಗ್ಗಿ ಆಶ್‌ಕ್ರಾಫ್ಟ್ ವಯಸ್ಸಾದ ಮೇಲೆ ನಟನೆಗೆ ಬಂದವರಂತೆ. ಮೊದಲ ಸಿನಿಮಾಕ್ಕೇ ಆಸ್ಕರ್ ಸಿಕ್ಕಿತಂತೆ. ನಿಜವೇ?

ಅಲ್ಲ. ಇದಕ್ಕೆ ಎಷ್ಟನೇ ಸಲ ಉತ್ತರ ಬರೆಯುತ್ತಿದ್ದೇನೋ, ಲೆಕ್ಕ ತಪ್ಪಿದೆ. ಈ ಸಲ ಪೂರ್ತಿ ಹೇಳಿಬಿಡುತ್ತೇನೆ.

ವಯಸ್ಸಿನ ಮಾತು ಮಾತ್ರ ಸರಿ. 1985ರ ಮಾರ್ಚ್‌ನಲ್ಲಿ ಆಸ್ಕರ್ ಬಂದಾಗ ಅವರಿಗೆ 77. ಪೋಷಕ ನಟಿ ಪ್ರಶಸ್ತಿಯನ್ನು ಅಷ್ಟು ವಯಸ್ಸಿನಲ್ಲಿ ಗೆದ್ದವರು ಇವತ್ತಿಗೂ ಬೇರೆ ಯಾರೂ ಇಲ್ಲ. ಆದರೆ ‘ವಯಸ್ಸಾದ ಮೇಲೆ ಬಂದವರು’ ಅನ್ನುವುದು ಯಾವ ಲೆಕ್ಕ? ಅವರು ಮೊದಲು ರಂಗ ಹತ್ತಿದ್ದು 1926ರಲ್ಲಿ, ಬರ್ಮಿಂಗ್‌ಹ್ಯಾಮ್‌ನಲ್ಲಿ. ಆಗ ಅವರಿಗೆ 18 ವರ್ಷ. ಅಲ್ಲಿಂದ ಆಸ್ಕರ್‌ವರೆಗೆ 59 ವರ್ಷ!

1930ರಲ್ಲಿ ಲಂಡನ್ನಿನ ಸವಾಯ್ ಥಿಯೇಟರ್‌ನಲ್ಲಿ ‘ಒಥೆಲೋ’. ಒಥೆಲೋ ಆಗಿದ್ದವರು ಅಮೆರಿಕದ ಕಪ್ಪು ಗಾಯಕ, ನಟ ಪಾಲ್ ರೋಬ್ಸನ್. ಅವನ ಹೆಂಡತಿ ಡೆಸ್ಡಿಮೋನಾ 22ರ ಪೆಗ್ಗಿ. ಬಿಳಿ ಹೆಣ್ಣು ಕಪ್ಪು ಗಂಡಸಿನ ಜೊತೆ ರಂಗದ ಮೇಲೆ ಮುತ್ತಿಡುವುದನ್ನು ಸಹಿಸದವರು ಬೈದು ಪತ್ರ ಬರೆದರು. ಪೆಗ್ಗಿ ಹಿಂದೆ ಸರಿಯಲಿಲ್ಲ.

1935ರಲ್ಲಿ ‘ರೋಮಿಯೋ ಅಂಡ್ ಜೂಲಿಯೆಟ್’ ನಾಟಕದ ಜೂಲಿಯೆಟ್. ನಟರಾದ ಜಾನ್ ಗೀಲ್ಗುಡ್ ಮತ್ತು ಲಾರೆನ್ಸ್ ಒಲಿವಿಯೆ ರೋಮಿಯೋ, ಅವನ ಗೆಳೆಯ ಮರ್ಕ್ಯುಷಿಯೋ ಪಾತ್ರಗಳನ್ನು ಅದಲುಬದಲು ಮಾಡಿಕೊಂಡರು. ರೋಮಿಯೋ ಬದಲಾದರೂ ಜೂಲಿಯೆಟ್ ಒಬ್ಬರೇ! ಅದೇ ವರ್ಷ ಹಿಚ್‌ಕಾಕ್‌ನ ‘ದ 39 ಸ್ಟೆಪ್ಸ್’ ಬಂತು. ಅದರಲ್ಲಿ ತಪ್ಪಿಸಿಕೊಂಡು ಬಂದ ನಾಯಕನಿಗೆ ಗಂಡನ ಕೋಟು ಕೊಡುವ ಹಳ್ಳಿಯ ಹೆಂಗಸು ನೆನಪಿದೆಯಾ? ಆ ಕೋಟಿನ ಜೇಬಿನಲ್ಲಿದ್ದ ಪುಸ್ತಕವೇ ಆಮೇಲೆ ಅವನನ್ನು ಗುಂಡಿನಿಂದ ಉಳಿಸುತ್ತದೆ. ಆ ಹೆಂಗಸು ಪೆಗ್ಗಿ. ಅಂದಮೇಲೆ ‘ಮೊದಲ ಸಿನಿಮಾ’ ಎಲ್ಲಿ ಬಂತು? 1956ರಲ್ಲೇ ಅವರು ‘ಡೇಮ್’ ಆಗಿದ್ದರು, ಅದು ಬ್ರಿಟನ್ ಮಹಿಳೆಯರಿಗೆ ಕೊಡುವ ದೊಡ್ಡ ಬಿರುದು.

ನನಗೆ ಜಾಸ್ತಿ ಇಷ್ಟವಾಗುವುದು 1963ರ ‘ದ ವಾರ್ಸ್ ಆಫ್ ದ ರೋಸಸ್’. ಶೇಕ್ಸ್‌ಪಿಯರ್‌ನ ರಾಜರ ನಾಟಕಗಳನ್ನು ಜೋಡಿಸಿದ ದೊಡ್ಡ ಪ್ರಯೋಗ. ಅದರಲ್ಲಿ ರಾಣಿ ಮಾರ್ಗರೆಟ್ ಎಳೆಯ ಹುಡುಗಿಯಾಗಿ ಬಂದು, ಎಲ್ಲವನ್ನೂ ಕಳೆದುಕೊಂಡು, ಶಾಪ ಹಾಕುವ ಮುದುಕಿಯಾಗುತ್ತಾಳೆ. ಪೆಗ್ಗಿಗೆ ಆಗ 55. ಒಂದೇ ಮೈಯಲ್ಲಿ ಇಡೀ ಆಯಸ್ಸು. ನಾಟಕ ಮಾಡುವ ಮಕ್ಕಳು ಇದನ್ನು ನೋಡಲೇಬೇಕು. ಬಿಬಿಸಿ 1965ರಲ್ಲಿ ಪ್ರಸಾರ ಮಾಡಿತು, ಹಾಗಾಗಿ ಉಳಿದಿದೆ.

ತಪ್ಪು ಕಲ್ಪನೆಯ ಬೇರು ಇಲ್ಲೇ ಇದೆ. ಬೇರೆ ನಾಟಕಗಳು ಪರದೆ ಬಿದ್ದ ಕೂಡಲೇ ಮುಗಿದುಹೋದವು. ಸಿನಿಮಾ ಉಳಿಯಿತು. ನಾವು ನೋಡಿದ್ದು ಉಳಿದದ್ದನ್ನು ಮಾತ್ರ. ಕಾಣದ್ದು ಇರಲೇ ಇಲ್ಲ ಅಂದುಕೊಂಡೆವು. ‘ಎ ಪ್ಯಾಸೇಜ್ ಟು ಇಂಡಿಯಾ’ದಲ್ಲಿ ಮಸೀದಿಯ ಆ ರಾತ್ರಿಯ ದೃಶ್ಯವನ್ನು ಇನ್ನೊಮ್ಮೆ ನೋಡಿ. ಶೂ ಬಿಟ್ಟು ಒಳಗೆ ಬಂದಿದ್ದೇನೆ ಎಂದು ಡಾಕ್ಟರ್ ಅಜೀಜ್‌ಗೆ ಹೇಳುವಾಗ ಅವರು ಏನೂ ‘ಮಾಡುವುದಿಲ್ಲ’. ಸುಮ್ನೆ ನಿಂತು ಮಾತಾಡುತ್ತಾರೆ. ಹಾಗೆ ನಿಲ್ಲುವುದು ಸುಮ್ನೆ ಬರುವ ವಿದ್ಯೆಯಲ್ಲ. 1984ರಲ್ಲೇ ಟೀವಿಯಲ್ಲಿ ಬಂದ ‘ದ ಜ್ಯುಯೆಲ್ ಇನ್ ದ ಕ್ರೌನ್’ ಧಾರಾವಾಹಿಯ ಬಾರ್ಬಿ ಎಂಬ ಪಾತ್ರವೂ ಇವರದೇ. ಅದನ್ನು ನೋಡಿದರೆ ಆಸ್ಕರ್ ಮರೆತೇ ಹೋಗುತ್ತದೆ.

ಅಂದಹಾಗೆ, ಯಾರೂ ಕೇಳದಿದ್ದರೂ ಹೇಳುತ್ತೇನೆ. ಮಿಸೆಸ್ ಮೂರ್ ಪ್ರತಿಧ್ವನಿ ಕೇಳಿ, ಉಸಿರುಗಟ್ಟಿ ಹೊರಗೆ ಬರುವ ಆ ‘ಮರಾಬಾರ್’ ಗುಹೆಗಳಿಗೆ ಮೂಲ ಬಿಹಾರದ ಬರಾಬರ್ ಗುಹೆಗಳು. ನಿರ್ದೇಶಕ ಡೇವಿಡ್ ಲೀನ್ ಅಲ್ಲಿಗೆ ಹೋಗಿ ನೋಡಿದರು, ಹಿಡಿಸಲಿಲ್ಲ. ಚಿತ್ರೀಕರಣಕ್ಕೆ ಆರಿಸಿಕೊಂಡದ್ದು ನಮ್ಮ ಸಾವನದುರ್ಗ ಮತ್ತು ರಾಮದೇವರ ಬೆಟ್ಟ. ಬಂಡೆಯಲ್ಲಿ ಗುಹೆಯ ಬಾಯಿಗಳನ್ನು ಚಿತ್ರತಂಡದವರೇ ಕೊರೆಸಿದರು. ಆದ್ದರಿಂದ ಸಾವನದುರ್ಗ ಹತ್ತಿ ‘ಆ ಪ್ರತಿಧ್ವನಿ ಎಲ್ಲಿ’ ಎಂದು ಕೂಗಬೇಡಿ. ಅದು ಬೇಕಾದರೆ ಗಯಾ ಕಡೆ ರೈಲು ಹತ್ತಿ. ಅಲ್ಲಿನ ಗುಹೆಗಳು ಮೌರ್ಯರ ಕಾಲದವು. ಒಳಗಿನ ಗೋಡೆ ಇವತ್ತಿಗೂ ಕನ್ನಡಿಯ ಹಾಗೆ ಹೊಳೆಯುತ್ತದೆ.