ಪಾರ್ಟಿ ಇನ್ ಪರ್ಸನ್: ವಕಾಲತ್ತಿಲ್ಲದೆ ನಿಲ್ಲುವುದು ಅಂದರೇನು?

ಶಿರಸಿ ಕೋರ್ಟಿನಲ್ಲಿ ಆವತ್ತಿನ ಕೇಸುಗಳ ಪಟ್ಟಿ ನೋಡಿದರೆ ಒಂದೊಂದು ನಂಬರಿನ ಎದುರಿಗೂ ವಕೀಲರ ಹೆಸರು ಇರುತ್ತದೆ. ಅಪರೂಪಕ್ಕೆ ಎಲ್ಲೋ ಒಂದು ಸಾಲಿನಲ್ಲಿ ಆ ಜಾಗದಲ್ಲಿ ‘ಪಾರ್ಟಿ ಇನ್ ಪರ್ಸನ್’ ಎಂದಿರುತ್ತದೆ. “ಅಂವ ಪಾರ್ಟಿ ಇನ್ ಪರ್ಸನ್ ಮಾರಾಯ್ರೇ” ಎಂದು ಒಬ್ಬ ವಕೀಲರು ಇನ್ನೊಬ್ಬರಿಗೆ ಹೇಳುವಾಗಿನ ದನಿಯಲ್ಲಿ ಅರ್ಧ ಮರುಕ, ಅರ್ಧ ಕಿರಿಕಿರಿ ಇರುವುದನ್ನು ನಾನು ಎಷ್ಟೋ ಸಲ ಕೇಳಿದ್ದೇನೆ.

ಅರ್ಥ ಸರಳ. ವಕೀಲರನ್ನು ಇಟ್ಟುಕೊಳ್ಳದೆ ತನ್ನ ಕೇಸನ್ನು ತಾನೇ ನಡೆಸುವ ವಾದಿ, ಪ್ರತಿವಾದಿ ಅಥವಾ ಆರೋಪಿ. ಕನ್ನಡದಲ್ಲಿ ‘ಖುದ್ದು ಪಕ್ಷಕಾರ’ ಅನ್ನಬಹುದು. ಖುದ್ದು ಪಾರಸಿಯಿಂದ ಬಂದ ಮಾತು, ‘ಸ್ವತಃ’ ಅಂತ. ಅದರ ಎದುರು ನಿಲ್ಲುವ ವಕೀಲ, ವಕಾಲತ್ತು ಎರಡೂ ಅರಬ್ಬಿ ಮೂಲದವು. ನಮ್ಮ ಕೆಲಸವನ್ನು ಯಾರಿಗೆ ವಹಿಸಿಕೊಡುತ್ತೇವೋ ಅವನು ವಕೀಲ. ಶಿರಸಿ ಇರುವ ಉತ್ತರ ಕನ್ನಡ 1862ರಲ್ಲಿ ಮದ್ರಾಸು ಬಿಟ್ಟು ಮುಂಬಯಿ ಇಲಾಖೆಗೆ ಸೇರಿದ ಜಿಲ್ಲೆ. ಕೈಫಿಯತ್ತು (ಪ್ರತಿವಾದಿ ಬರೆದುಕೊಡುವ ಉತ್ತರ), ಮುಖ್ತ್ಯಾರ ಪತ್ರದಂಥ (ನಮ್ಮ ಪರವಾಗಿ ನಡೆಯಲು ಇನ್ನೊಬ್ಬರಿಗೆ ಕೊಡುವ ಅಧಿಕಾರ ಪತ್ರ) ಮಾತುಗಳು ಹಳೆಯ ಕಾಗದಗಳಿಂದ ಇಳಿದು ಇನ್ನೂ ನಮ್ಮ ಹಿರಿಯರ ನಾಲಿಗೆಯ ಮೇಲಿವೆ. ನಮ್ಮ ಪಾರ್ಟಿ ಇನ್ ಪರ್ಸನ್‌ನನ್ನೇ ಇಂಗ್ಲೆಂಡಿನವರು ‘ಲಿಟಿಗೆಂಟ್ ಇನ್ ಪರ್ಸನ್’ ಅನ್ನುತ್ತಾರೆ. ಅಮೆರಿಕದವರಿಗೆ ಲ್ಯಾಟಿನ್‌ನ ‘ಪ್ರೊ ಸೆ’.

ಇದು ನ್ಯಾಯಾಧೀಶರು ಕೃಪೆ ಮಾಡಿ ಕೊಡುವ ಅವಕಾಶವಲ್ಲ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 3ನೇ ಆದೇಶದ 1ನೇ ನಿಯಮದಲ್ಲೇ ಇದೆ: ಪಕ್ಷಕಾರ ತಾನೇ ಬರಬಹುದು, ಮಾನ್ಯ ಏಜೆಂಟನ ಮೂಲಕ ಬರಬಹುದು, ವಕೀಲರ ಮೂಲಕ ಬರಬಹುದು. ಆದರೆ ‘ತಾನೇ’ ಅಂದರೆ ತಾನೇ. ಬೆಂಗಳೂರಿನ ಮಗ ಜಿಪಿಎ, ಅಂದರೆ ಮುಖ್ತ್ಯಾರ ಪತ್ರ ಕಳಿಸಿದ್ದಾನೆ ಅಂತ ಅಪ್ಪ ಎದ್ದು ಮಗನ ಪರವಾಗಿ ವಾದ ಮಾಡಲಿಕ್ಕೆ ಬರುವುದಿಲ್ಲ. ಜಿಪಿಎ ಇದ್ದವರು ಹಾಜರಾಗಬಹುದು, ಕಾಗದ ಹಾಕಬಹುದು. ವಾದಕ್ಕೆ ಮಾತ್ರ 1961ರ ವಕೀಲರ ಕಾಯ್ದೆಯ 32ನೇ ಕಲಮಿನಲ್ಲಿ ನ್ಯಾಯಾಲಯದ ಅನುಮತಿ ಬೇಕು. ಮಗನಿಗಷ್ಟೇ ಗೊತ್ತಿರುವ ಸಂಗತಿಗೆ ಅಪ್ಪ ಸಾಕ್ಷಿ ಹೇಳುವ ಹಾಗೂ ಇಲ್ಲ, ಇದನ್ನು ಸುಪ್ರೀಂ ಕೋರ್ಟ್ 2004ರಲ್ಲಿ ಖಚಿತ ಮಾಡಿದೆ. ಹೆಚ್ಚಿನವರಿಗೆ ಗೊತ್ತಿಲ್ಲದ ಒಂದು ಕಿಂಡಿ ಇದೆ. ಅಣ್ಣತಮ್ಮಂದಿರು ನಾಲ್ಕು ಜನ ಒಂದೇ ದಾವೆಯಲ್ಲಿ ವಾದಿಗಳಾಗಿದ್ದರೆ, ಉಳಿದ ಮೂವರು ಬರೆದು ಸಹಿ ಮಾಡಿಕೊಟ್ಟರೆ ಒಬ್ಬನೇ ಎಲ್ಲರ ಪರವಾಗಿ ನಿಂತು ವಾದಿಸಬಹುದು. 1ನೇ ಆದೇಶದ 12ನೇ ನಿಯಮ ಅದು. ಆ ನಾಲ್ಕು ಜನರಲ್ಲಿ ಒಮ್ಮತ ಇದ್ದರೆ ಕೇಸು ಯಾಕೆ ಬರುತ್ತಿತ್ತು ಅನ್ನಬೇಡಿ, ಎದುರಿಗೆ ದಾಯಾದಿಗಳು ಇರುತ್ತಾರಲ್ಲ.

ಇಷ್ಟು ಕಾನೂನು. ಈ ಪದದ ನಿಜವಾದ ಅರ್ಥ ನನಗೆ ಹೊಳೆದದ್ದು ಹಿಂದಿನ ಬೆಂಚಿನಲ್ಲಿ ಕೂತು ನೋಡಿದ ಒಂದು ದಾರಿ ಕೇಸಿನಲ್ಲಿ.

ತೋಟಕ್ಕೆ ಹೋಗುವ ದಾರಿ. ಪಕ್ಕದವರು ಬೇಲಿ ಹಾಕಿದ್ದರು. ನನಗೆ ದೂರದಿಂದ ಭಾವ ಆಗಬೇಕಾದವರು ಒಬ್ಬರು ದಾವೆ ಹಾಕಿ ತಾವೇ ನಿಂತರು. “ವಕೀಲ್ರು ಎಂತಕ್ಕೆ ಭಾವಾ? ನಂದೇ ದಾರಿ, ನಂದೇ ಬಾಯಿ” ಅಂದಿದ್ದರು. ಪಹಣಿ, ನಕಾಶೆ ಎಲ್ಲ ನೀಟಾಗಿ ಪಿನ್ನು ಹಾಕಿ ತಂದಿದ್ದರು, ವಕೀಲರೇ ಹೊಗಳುವಷ್ಟು ಚಂದ. ಮುಖ್ಯ ವಿಚಾರಣೆ, ಅಂದರೆ ಸಾಕ್ಷಿ ತನ್ನ ಹೇಳಿಕೆ ಕೊಡುವುದು, ಹೇಗೂ ಪ್ರಮಾಣಪತ್ರದಲ್ಲೇ ಮುಗಿಯುತ್ತದೆ. ಆಮೇಲೆ ಪಾಟೀ ಸವಾಲು, ಎದುರು ಪಕ್ಷದವರು ಪ್ರಶ್ನೆ ಹಾಕುವುದು. ಎದುರಿನ ವಕೀಲರು ಜೋರು ಮಾಡಲೇ ಇಲ್ಲ, ನಗುತ್ತ ಕೇಳಿದರು: “ಪ್ರತಿವಾದಿಯ ತಂದೆಯವರು ಒಳ್ಳೆಯ ಜನ, ಅಲ್ಲವಾ?”

“ಹೌದು ಹೌದು, ಬಹಳ ಒಳ್ಳೆಯವರು.”

“ನೀವು ಅವರನ್ನು ಕೇಳಿಯೇ ಆ ದಾರಿಯಲ್ಲಿ ಓಡಾಡುತ್ತಿದ್ರಿ?”

“ಕೇಳದೆ ಹೋಗ್ತಾರಾ ಸ್ವಾಮಿ? ಕೇಳಿಯೇ ಹೋಗ್ತಿದ್ದೆವು. ಅವರು ಯಾವತ್ತೂ ಬೇಡ ಅನ್ನಲಿಲ್ಲ.”

ನ್ಯಾಯಾಧೀಶರು ಒಂದು ಗಳಿಗೆ ಸುಮ್ಮನಿದ್ದು, ಸಾಕ್ಷಿ ಒಪ್ಪಿದ್ದನ್ನು ದಾಖಲಿಸುವ ಧಾಟಿಯಲ್ಲಿ ಬರೆಸಿದರು: “ಪ್ರತಿವಾದಿಯ ತಂದೆಯ ಅನುಮತಿ ಪಡೆದು ಸದರಿ ದಾರಿಯಲ್ಲಿ ಓಡಾಡುತ್ತಿದ್ದೆವು ಎಂದರೆ ಸರಿ.”

ಕೂತವರಲ್ಲಿ ಅರ್ಧ ಜನಕ್ಕೆ ಏನಾಯಿತೆಂದು ಗೊತ್ತಾಗಲಿಲ್ಲ. ವಕೀಲರ ಸಾಲಿಗೆ ಗೊತ್ತಾಯಿತು. 1882ರ ಈಸ್‌ಮೆಂಟ್ ಕಾಯ್ದೆಯ 15ನೇ ಕಲಮಿನ ಪ್ರಕಾರ ಬಳಕೆಯಿಂದ ದಾರಿಯ ಹಕ್ಕು ಹುಟ್ಟಬೇಕಾದರೆ 20 ವರ್ಷ ಬಹಿರಂಗವಾಗಿ, ತಂಟೆ ತಕರಾರಿಲ್ಲದೆ, ಎಡೆಬಿಡದೆ, ತನ್ನ ಹಕ್ಕು ಎಂಬಂತೆ ನಡೆದಿರಬೇಕು. ಕೇಳಿ ನಡೆದದ್ದು ಹಕ್ಕಲ್ಲ, ಬರೀ ಅನುಮತಿ. ಭಾವನವರು ಮರ್ಯಾದೆಗೆ ಹೇಳಿದ ಮಾತು ಕೇಸಿನ ಬುಡಕ್ಕೇ ಕೊಡಲಿ ಹಾಕಿತು. ಅವರ ಕಡೆಯ ವಕೀಲರಿದ್ದಿದ್ದರೆ ಸಾಕ್ಷಿಕಟ್ಟೆ ಹತ್ತುವ ಮೊದಲೇ ಕೇಳುತ್ತಿದ್ದರು: ನಿಜವಾಗಿ ಅಪ್ಪಣೆ ಕೇಳುತ್ತಿದ್ದಿರೋ, ಅಥವಾ ಹಾದುಹೋಗುವಾಗ ‘ಹೋಗಿ ಬರ್ತೆ’ ಅನ್ನುತ್ತಿದ್ದಿರೋ? ಎರಡಕ್ಕೂ ನಡುವೆ ಒಂದು ತೋಟದಷ್ಟು ಅಂತರ ಇದೆ. ಪಾಟೀ ಸವಾಲಿನ ನಂತರ ತಮ್ಮ ಸಾಕ್ಷಿಯನ್ನೇ ಮತ್ತೆ ಕೇಳುವ ಮರುವಿಚಾರಣೆಯಲ್ಲಾದರೂ ಅದನ್ನು ಬಿಡಿಸಿ ಕೇಳುತ್ತಿದ್ದರು. ತನಗೆ ತಾನೇ ಮರುವಿಚಾರಣೆಯ ಪ್ರಶ್ನೆ ಹಾಕಿಕೊಳ್ಳುವುದು ಹೇಗೆ?

ಆಮೇಲೆ ಪ್ರತಿವಾದಿಯನ್ನು ಪಾಟೀ ಸವಾಲು ಮಾಡುವ ಸರದಿ ಭಾವನವರದ್ದು. “ನಿಂಗೆ ನಾಚಿಕೆ ಆಗೂದಿಲ್ವಾ? ನಮ್ಮ ಅಪ್ಪಯ್ಯ ಅದೇ ದಾರಿಲಿ ಕೊನೆ ಹೊತ್ತಿದ್ದು ನೀ ನೋಡಿಲ್ವಾ?” ನ್ಯಾಯಾಧೀಶರು ಕೈ ಎತ್ತಿದರು. ಮೊದಲನೆಯದು ಪ್ರಶ್ನೆ ಅಲ್ಲ, ಎರಡನೆಯದನ್ನು ಮಾತ್ರ ಕೇಳಿ ಅಂದರು. ಪಕ್ಕದವನು ತಲೆ ತಗ್ಗಿಸಿ ಹೌದು ಅಂದ. “ವಾದಿಯ ತಂದೆ ಅದೇ ದಾರಿಯಲ್ಲಿ ಅಡಿಕೆ ಕೊನೆ ಹೊತ್ತು ತರುತ್ತಿದ್ದರು ಎಂದರೆ ಸರಿ.” ಯಾವ ವಕೀಲರೂ ಕೇಳಲಿಕ್ಕಿಲ್ಲದ ಪ್ರಶ್ನೆ ಅದು, ಕೇಳಿದ್ದರೆ ‘ಗೊತ್ತಿಲ್ಲ’ ಎಂಬ ಉತ್ತರ ಬರುತ್ತಿತ್ತೇನೋ. ಕಣ್ಣಿಗೆ ಕಣ್ಣಿಟ್ಟು ನೆರೆಯವನೇ ಕೇಳಿದಾಗ ಸುಳ್ಳು ಹೇಳುವುದು ಕಷ್ಟ.

ಪಾರ್ಟಿ ಇನ್ ಪರ್ಸನ್ ಅಂದರೆ ಹೀಗೆ ಒಂದೇ ಮೈಯಲ್ಲಿ ಇಬ್ಬರು. ಒಬ್ಬ ಸಾಕ್ಷಿ, ಒಬ್ಬ ವಾದ ಮಾಡುವವ. ನ್ಯಾಯಾಲಯ ಇಬ್ಬರನ್ನೂ ಬೇರೆಬೇರೆಯಾಗಿ ಕೇಳುತ್ತದೆ. ಕಟ್ಟೆಯಲ್ಲಿ ನಿಂತು ಪ್ರಮಾಣ ಮಾಡಿ ಹೇಳಿದ್ದು ಪುರಾವೆ. ಕೆಳಗೆ ನಿಂತು ವಾದದಲ್ಲಿ ಹೇಳಿದ್ದು ಎಷ್ಟೇ ಸತ್ಯವಾಗಿದ್ದರೂ ಪುರಾವೆ ಅಲ್ಲ. ಕೊನೆಯ ವಾದದ ದಿನ ಹೊಸ ಸಂಗತಿ ಹೇಳಲು ಹೋಗಿ “ಇದು ನಿಮ್ಮ ಸಾಕ್ಷ್ಯದಲ್ಲಿ ಇಲ್ಲವಲ್ಲ” ಎಂದು ಕೇಳಿಸಿಕೊಂಡು ಕಂಗಾಲಾಗುವವರು ಇದಕ್ಕೇ.

ರಿಯಾಯಿತಿ ಏನೂ ಇಲ್ಲ. ಕೋರ್ಟ್ ಫೀ ಅಷ್ಟೇ, ಗಡುವೂ ಅಷ್ಟೇ: ಸಮನ್ಸ್ ಬಂದ 30 ದಿನದಲ್ಲಿ ಕೈಫಿಯತ್ತು, ಕಾರಣ ಕೊಟ್ಟರೆ 90ರವರೆಗೆ. ಕೇಸು ಕೂಗಿದಾಗ ವಕೀಲರಿಲ್ಲದಿದ್ದರೆ ಅವರ ಜೂನಿಯರ್ ಓಡಿ ಬಂದು ಟೈಮ್ ಕೇಳುತ್ತಾನೆ. ಇಲ್ಲಿ ನಿಮಗೆ ನೀವೇ ಜೂನಿಯರ್. ಮಳೆಗಾಲದಲ್ಲಿ ಬಸ್ಸು ತಡವಾಗಿ ದಾವೆ ಗೈರುಹಾಜರಿಯಲ್ಲಿ ವಜಾ ಆದರೆ, ಮತ್ತೆ ಎಬ್ಬಿಸಲು ಅರ್ಜಿ ಹಾಕಲು 30 ದಿನ.

ಹಾಗಂತ ಎಲ್ಲ ಕಡೆ ಇಷ್ಟು ಕಠಿಣವಿಲ್ಲ. 1984ರ ಕೌಟುಂಬಿಕ ನ್ಯಾಯಾಲಯ ಕಾಯ್ದೆಯಲ್ಲಿ ಲೆಕ್ಕವೇ ಉಲ್ಟಾ, ಅಲ್ಲಿ ವಕೀಲರನ್ನು ಇಡುವುದೇ ಹಕ್ಕಲ್ಲ. ಗ್ರಾಹಕರ ಆಯೋಗವಂತೂ ಖುದ್ದು ಬರುವವರಿಗಾಗಿಯೇ ಮಾಡಿದಂತಿದೆ. ಕೊಟ್ಟ ಬೆಲೆ 5 ಲಕ್ಷದವರೆಗೆ ಇದ್ದರೆ ಶುಲ್ಕವಿಲ್ಲ, ತೊಂದರೆಯಾದ 2 ವರ್ಷದೊಳಗೆ ದೂರು ಕೊಟ್ಟರಾಯಿತು. ತೋಟದ ಪಂಪ್‌ಸೆಟ್ ಒಂದು ಕೈಕೊಟ್ಟು, ಅಂಗಡಿಯವರೂ ಕೈಕೊಟ್ಟಾಗ, ದೇವಿಮನೆ ಘಾಟಿ ಇಳಿದು ಕುಮಟಾ ಮೇಲೆ ಕಾರವಾರಕ್ಕೆ ನಾನೇ ಹೋಗಿದ್ದೆ. ಬಿಲ್ಲು, ವಾರಂಟಿ ಕಾರ್ಡು, ನೋಟಿಸಿನ ಪ್ರತಿ, ಮೂರೇ ಕಾಗದ. ಬಾಯಿ ಬಿಟ್ಟದ್ದು ಐದು ನಿಮಿಷ. ದುಡ್ಡು ವಾಪಸ್ ಬಂತು, ಬಸ್ ಚಾರ್ಜು ಬರಲಿಲ್ಲ. ಕಾಗದವೇ ಮಾತಾಡುವ ಕೇಸಿಗೆ ಖುದ್ದು ನಿಲ್ಲಬಹುದು, ನೆನಪು ಮಾತಾಡಬೇಕಾದ ಕೇಸಿಗೆ ಬೇಡ ಅನ್ನುವುದು ನನ್ನ ಲೆಕ್ಕ.

ದುಡ್ಡಿಲ್ಲ ಎಂಬ ಕಾರಣಕ್ಕೆ ಖುದ್ದು ನಿಲ್ಲುವವರು ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಒಂದು ಫೋನ್ ಮಾಡುವುದು ಒಳ್ಳೆಯದು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಲ್ಲಿ ಮಹಿಳೆಯರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ.

ಮೇಲ್ಮನವಿಗೆ ಹೋದರೆ ಇನ್ನೊಂದು ಘಾಟಿ. ಕಾರವಾರ, ಶಿರಸಿಯಲ್ಲಿ ಕನ್ನಡದಲ್ಲಿ ಜಗಳಾಡಿದವ ಧಾರವಾಡದ ಹೈಕೋರ್ಟ್ ಪೀಠದಲ್ಲಿ ಇಂಗ್ಲಿಷಿಗೆ ಸಿಕ್ಕಿಬೀಳುತ್ತಾನೆ, ಸಂವಿಧಾನದ 348ನೇ ವಿಧಿಯ ಕೃಪೆ. ಸುಪ್ರೀಂ ಕೋರ್ಟಿನಲ್ಲಂತೂ ಖುದ್ದು ವಾದಿಸುತ್ತೇನೆ ಅಂದರೆ ಮೊದಲು ರಿಜಿಸ್ಟ್ರಾರ್ ಕೂರಿಸಿ ಮಾತಾಡಿಸಿ ವರದಿ ಕೊಡಬೇಕು.

ನಡುವೆ ಮನಸ್ಸು ಬದಲಾದರೆ ಯಾವ ವಾಯಿದೆಯಲ್ಲೂ (ಕೇಸು ನಡೆಯುವ ದಿನ) ವಕಾಲತ್ತು ಹಾಕಿಸಬಹುದು. ಉಲ್ಟಾ, ಅಂದರೆ ವಕೀಲರನ್ನು ಬಿಟ್ಟು ತಾನೇ ನಿಲ್ಲುವುದಾದರೆ, ಹಳೆಯ ವಕಾಲತ್ತು ಕೊನೆಗೊಳಿಸಲು ನ್ಯಾಯಾಲಯದ ಒಪ್ಪಿಗೆ ಬೇಕು. ಭಾವನವರೂ ಮುಂದಿನ ವಾಯಿದೆಗೆ ಒಬ್ಬ ವಕೀಲರ ಜೊತೆಯೇ ಬಂದರು. ಸಾಕ್ಷಿಯನ್ನು ಮತ್ತೆ ಕರೆಸುವ ಅಧಿಕಾರ ನ್ಯಾಯಾಲಯಕ್ಕಿದೆ, ಆದರೆ ಆಡಿದ ಮಾತು ತಿದ್ದಿಕೊಳ್ಳಲಿಕ್ಕೆಂದು ಅದನ್ನು ಬಳಸುವುದಿಲ್ಲ. ವಕೀಲರು ಕಡತ ಬಿಚ್ಚಿ ಎರಡು ‘ಎಂದರೆ ಸರಿ’ಗಳನ್ನೂ ಓದಿ, ಭಾವನವರ ಕಡೆ ನೋಡದೆ, ರಾಜಿಗೆ ಟೈಮ್ ಕೇಳಿದರು.