ರೋಗ ಹಬ್ಬಿಸಿದವನ ಹೊಣೆ: ಪಾಪ ಬೇರೆ, ಪರಿಹಾರ ಬೇರೆ

ಈ ಪಾಠದಲ್ಲಿ ನಾನು ಎಡವಿದ್ದು ಮೊದಲ ಮೆಟ್ಟಿಲಲ್ಲೇ. ರೋಗ ಹಬ್ಬಿಸಿದವನಿಗೆ ಇಸ್ಲಾಮೀ ಕಾನೂನು ಏನು ಶಿಕ್ಷೆ ಕೊಡುತ್ತದೆ ಅಂತ ಹುಡುಕುತ್ತಾ ಹೊರಟೆ. ಆದರೆ ಅದಕ್ಕೂ ಮುಂಚೆ ಇನ್ನೊಂದು ಪ್ರಶ್ನೆ ಇದೆ: ರೋಗ ನಿಜವಾಗಿ ಒಬ್ಬರಿಂದ ಒಬ್ಬರಿಗೆ ಅಂಟುತ್ತದಾ? ಅಂಟುವುದೇ ಇಲ್ಲ ಎಂದರೆ ಹೊಣೆ ಯಾರ ತಲೆಗೆ ಕಟ್ಟುವುದು, ಅಲ್ವಾ?

ಹದೀಸ್‌ಗಳಲ್ಲಿ, ಅಂದರೆ ಪ್ರವಾದಿಯ ನುಡಿ-ನಡೆಗಳ ವರದಿಗಳಲ್ಲಿ, ಎರಡೂ ಮಾತು ಸಿಗುತ್ತವೆ. ಒಂದು ಕಡೆ 'ಸೋಂಕು ಎಂಬುದಿಲ್ಲ'. ಇನ್ನೊಂದು ಕಡೆ 'ಸಿಂಹವನ್ನು ಕಂಡು ಓಡುವಂತೆ ಕುಷ್ಠರೋಗಿಯಿಂದ ದೂರ ಓಡು'. ಹಲವು ಪಂಡಿತರು ಹೀಗೆ ಹೊಂದಿಸುತ್ತಾರೆ: ರೋಗ ತನ್ನಷ್ಟಕ್ಕೆ ತಾನೇ ಹರಡುವುದಿಲ್ಲ, ಅಲ್ಲಾಹನ ಇಚ್ಛೆಯಿಂದ ಹರಡುತ್ತದೆ. ಹಾಗಂತ ಕಾರಣ ಸುಳ್ಳಾಗುವುದಿಲ್ಲ. 1348ರ ಮಹಾ ಪ್ಲೇಗ್ ಕಂಡ ಸ್ಪೇನಿನ ಗ್ರಾನಡಾದ ವೈದ್ಯ, ಮಂತ್ರಿ ಇಬ್ನುಲ್ ಖತೀಬ್ ಇನ್ನೂ ಖಡಕ್ ಆಗಿ ಬರೆದ. ಬಟ್ಟೆ, ಪಾತ್ರೆ, ಕಿವಿಯೋಲೆಯಿಂದಲೂ ರೋಗ ಮನೆ ಹೊಕ್ಕಿದ್ದನ್ನು ಜನ ಕಣ್ಣಾರೆ ಕಂಡಿದ್ದಾರೆ ಎಂದ. ಮುಂದಿನ ಶತಮಾನದ ಕೈರೋದ ಹದೀಸ್ ಪಂಡಿತ ಇಬ್ನ್ ಹಜರ್ ಪ್ಲೇಗ್‌ನಲ್ಲಿ ತಮ್ಮ ಹೆಣ್ಣುಮಕ್ಕಳನ್ನೇ ಕಳೆದುಕೊಂಡವರು. ಆದರೂ ಅದು ಅಂಟುತ್ತದೆ ಎಂದು ಒಪ್ಪಲಿಲ್ಲ.

ಕಾರಣದ ಜಗಳ ಏನೇ ಇರಲಿ, ನಡವಳಿಕೆಯ ನಿಯಮ ಮಾತ್ರ ಹಳೆಯದು. ಪ್ಲೇಗ್ ಇರುವ ಊರಿಗೆ ಹೋಗಬೇಡಿ, ಇರುವ ಊರಲ್ಲೇ ಬಂದರೆ ಬಿಟ್ಟು ಓಡಬೇಡಿ. 639ರ ಸುಮಾರಿಗೆ ಸಿರಿಯಾದಲ್ಲಿ ಪ್ಲೇಗ್ ಇದೆ ಎಂದು ಕೇಳಿ ಖಲೀಫ ಉಮರ್ ಅದರ ಗಡಿಯ ಸರ್ಗ್ ಎಂಬಲ್ಲಿಂದ ವಾಪಸ್ ಹೊರಟರು. 'ಅಲ್ಲಾಹನ ವಿಧಿಯಿಂದ ಓಡಿಹೋಗುತ್ತೀರಾ?' ಎಂದು ಸಿರಿಯಾದ ಸೇನಾಪತಿ ಅಬೂ ಉಬೈದಾ ಕೇಳಿದರು. 'ಹೌದು, ಅಲ್ಲಾಹನ ವಿಧಿಯಿಂದ ಅಲ್ಲಾಹನ ವಿಧಿಯ ಕಡೆಗೇ' ಎಂದರು ಉಮರ್. ಅಬೂ ಉಬೈದಾ ಅದೇ ಪ್ಲೇಗ್‌ನಲ್ಲಿ ತೀರಿಕೊಂಡರು.

ನನಗೆ ಇದಕ್ಕಿಂತ ಹಿಡಿಸಿದ್ದು ಇಮಾಂ ಮಾಲಿಕ್ ಅವರ ಹದೀಸ್ ಸಂಗ್ರಹ 'ಮುವತ್ತಾ'ದಲ್ಲಿರುವ ಚಿಕ್ಕ ಪ್ರಸಂಗ. ಕುಷ್ಠ ಇದ್ದ ಹೆಂಗಸೊಬ್ಬಳು ಕಾಬಾ ಸುತ್ತುತ್ತಿದ್ದಳು. ಜನರಿಗೆ ತೊಂದರೆ ಕೊಡಬೇಡ, ಮನೆಯಲ್ಲಿದ್ದರೆ ಒಳ್ಳೆಯದು ಎಂದರು ಉಮರ್. ಅವಳು ಮನೆಯಲ್ಲೇ ಉಳಿದಳು. ಮುಂದೆ ಯಾರೋ ಬಂದು, ನಿನ್ನನ್ನು ತಡೆದವರು ತೀರಿಕೊಂಡರು, ಇನ್ನು ಹೊರಗೆ ಬಾ ಎಂದರು. ಬದುಕಿದ್ದಾಗ ಅವರ ಮಾತು ಕೇಳಿ, ಸತ್ತ ಮೇಲೆ ಮೀರುವವಳಲ್ಲ ನಾನು ಎಂದಳು. ಕಾವಲಿಲ್ಲ, ದಂಡವಿಲ್ಲ. ನೈತಿಕ ಹೊಣೆ ಅಂದರೆ ಇದೇ ಎಂದು ನಾನು ಗುರುತು ಹಾಕಿಕೊಂಡಿದ್ದೇನೆ.

ಈಗ ನಷ್ಟ ಪರಿಹಾರದ ಮಾತು, ಇದು ಸ್ವಲ್ಪ ಕಗ್ಗಂಟು. 1869ರಿಂದ 1876ರವರೆಗೆ ಬಂದ ಒಟ್ಟೋಮನ್ ಸಂಹಿತೆ 'ಮಜಲ್ಲಾ'ದ 92 ಮತ್ತು 93ನೇ ಕಲಮುಗಳನ್ನು ಜೊತೆಯಾಗಿ ಓದಿ. ನೇರವಾಗಿ ಹಾನಿ ಮಾಡಿದವನು ಬೇಕಂತ ಮಾಡದಿದ್ದರೂ ತೆರಬೇಕು. ಹಕ್ಕಿಗೆ ಬಿಟ್ಟ ಬಾಣ ಮನುಷ್ಯನಿಗೆ ನಾಟಿದ ಹಾಗೆ. ಬರೀ ಕಾರಣನಾದವನು ಬೇಕಂತ ಮಾಡಿದ್ದರೆ ಮಾತ್ರ ಹೊಣೆ. ಫಿಕ್ಹ್ (ಇಸ್ಲಾಮೀ ಧರ್ಮಶಾಸ್ತ್ರ) ಪುಸ್ತಕಗಳಲ್ಲಿ ಬೇಕಂತ ಮಾಡದೆ ಬರೀ ಹದ್ದು ಮೀರಿದ್ದರೂ ಸಾಕು. ಅದಕ್ಕೆ ಅವು ಕೊಡುವ ಉದಾಹರಣೆ ಬಾವಿಯದು. ಸ್ವಂತ ಹಿತ್ತಲಲ್ಲಿ ತೋಡಿದ ಬಾವಿಗೆ ಯಾರೋ ಬಿದ್ದರೆ ಹೊಣೆ ಇಲ್ಲ. ಅನುಮತಿ ಇಲ್ಲದೆ ದಾರಿಯಲ್ಲಿ ತೋಡಿದ್ದರೆ ಇದೆ.

ಸೋಂಕು ಬಾಣಕ್ಕಿಂತ ಬಾವಿಗೇ ಹತ್ತಿರ ಅಂತ ನನ್ನ ಲೆಕ್ಕ. ಹಾಗಾಗಿ ಕೇಳಬೇಕಾದ್ದು: ಅವನಿಗೆ ರೋಗ ಇರುವುದು ಗೊತ್ತಿತ್ತಾ? ಹೊರಗೆ ಬರಬೇಡ ಎಂಬ ಆಜ್ಞೆ ಇತ್ತಾ? ಗೊತ್ತಿಲ್ಲದೆ ಹಬ್ಬಿಸಿದವನು ದಾರಿಯಲ್ಲಿ ಬಾವಿ ತೋಡಿದವನಲ್ಲ. ಗೊತ್ತಿದ್ದೂ ಬಂದವನು ಹದ್ದು ಮೀರಿದ. ಆದರೆ ಈ ರೋಗ ಅವನಿಂದಲೇ ಬಂತು ಎಂದು ತೋರಿಸುವುದು ಹೇಗೆ? ಪಾಪ ಸುಲಭವಾಗಿ ಅಂಟಿಕೊಳ್ಳುತ್ತದೆ, ಪರಿಹಾರದ ಹಣ ಸಾಕ್ಷಿ ಕೇಳುತ್ತದೆ.

ಬೇಕಂತಲೇ ಹಬ್ಬಿಸಿದರೆ ಲೆಕ್ಕ ಬದಲಾಗುತ್ತದೆ. 1995ರಲ್ಲಿ ಅಬುಧಾಬಿಯಲ್ಲಿ ಸೇರಿದ ಅಂತಾರಾಷ್ಟ್ರೀಯ ಫಿಕ್ಹ್ ಅಕಾಡೆಮಿ ಏಡ್ಸ್ ಬಗ್ಗೆ ಹೀಗೇ ಹೇಳಿತು: ಉದ್ದೇಶಪೂರ್ವಕವಾಗಿ ಸೋಂಕು ದಾಟಿಸುವುದು ಘೋರ ಪಾಪ ಮಾತ್ರವಲ್ಲ, ಶಿಕ್ಷಾರ್ಹ ಅಪರಾಧ. ಶಿಕ್ಷೆ ಎಷ್ಟು ಎನ್ನುವುದು ಗುರಿ ಒಬ್ಬನಾ ಇಡೀ ಸಮಾಜವಾ, ಪರಿಣಾಮ ಏನು ಎಂಬುದರ ಮೇಲೆ.

ಫಿಕ್ಹ್ ಪುಸ್ತಕಗಳ ಮದುವೆಯ ಅಧ್ಯಾಯವನ್ನೂ ಬಿಡಬೇಡಿ, ಸುಮ್ನೆ ದಾಟಿ ಹೋಗುವವರೇ ಜಾಸ್ತಿ. ಸುನ್ನಿಗಳ ನಾಲ್ಕು ಕಾನೂನು ಪಂಥಗಳಲ್ಲಿ ಮಾಲಿಕಿ, ಶಾಫಿ, ಹಂಬಲಿ ಈ ಮೂರರಲ್ಲಿ ಕುಷ್ಠ ಮದುವೆ ಮುರಿಯಲು ಸಾಕಾದ ದೋಷ. ನಾಲ್ಕನೆಯದಾದ ಹನಫಿ ಪಂಥದ ಮೂಲಪುರುಷ ಅಬೂ ಹನೀಫಾ ಒಪ್ಪಲಿಲ್ಲ. ಅವರ ಶಿಷ್ಯ ಮುಹಮ್ಮದ್ ಅಶ್ಶೈಬಾನಿ ಮಾತ್ರ ಗಂಡನಿಗೆ ಕುಷ್ಠ ಇದ್ದರೆ ಬೇರೆಯಾಗುವ ಹಕ್ಕನ್ನು ಹೆಂಡತಿಗೆ ಕೊಟ್ಟರು.