ದನಗಳ್ಳರು ಹಬ್ಬಿಸಿದ ದೆವ್ವಗಳು

ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದ ಉತ್ತರಕ್ಕೆ ಅಬಿಕ್ಯೂ ಎಂಬ ಸಣ್ಣ ಊರಿದೆ. ಅದನ್ನು ದಾಟಿ ಮುಂದೆ ಹೋದರೆ ಕೆಂಪು, ಹಳದಿ, ಬಿಳಿ ಪಟ್ಟೆಗಳ ಬಂಡೆಗೋಡೆಗಳು ಎದ್ದು ನಿಲ್ಲುತ್ತವೆ. ಅವುಗಳ ಬುಡದಲ್ಲಿ ಒಂದು ಹಳೆಯ ಮಣ್ಣಿನ ಮನೆ, ಪಕ್ಕದಲ್ಲಿ ಒಂದು ಕಾಟನ್‌ವುಡ್ ಮರ. ಮನೆಯ ಹೆಸರೇ ಘೋಸ್ಟ್ ಹೌಸ್, ದೆವ್ವದ ಮನೆ. ಸುತ್ತಲಿನ ಸಾವಿರಾರು ಎಕರೆ ಬಯಲಿಗೆ ಘೋಸ್ಟ್ ರಾಂಚ್ ಎಂದು ಹೆಸರು. ಅದಕ್ಕೂ ಮುಂಚೆ ಅಲ್ಲಿನ ಸ್ಪ್ಯಾನಿಷ್ ಮಾತಿನ ಜನ ಅದನ್ನು ಕರೆಯುತ್ತಿದ್ದದ್ದು ‘ಎಲ್ ರಾಂಚೊ ದೆ ಲೋಸ್ ಬ್ರೂಹೋಸ್’, ಅಂದರೆ ಮಾಟಗಾರರ ರಾಂಚ್.

ಕತೆ ಹೀಗಿದೆ. ಹತ್ತೊಂಬತ್ತನೇ ಶತಮಾನದ ಕೊನೆಯ ಹೊತ್ತಿಗೆ ಆರ್ಚುಲೆಟಾ ಎಂಬ ಅಣ್ಣತಮ್ಮಂದಿರು ಇಲ್ಲಿ ಮನೆ ಕಟ್ಟಿಕೊಂಡರು. ಅವರ ಕಸುಬು ದನ ಕದಿಯುವುದು. ಕದ್ದ ದನಗಳನ್ನು ರಾತ್ರೋರಾತ್ರಿ ಹೊಡೆದುಕೊಂಡು ಬಂದು, ಮೂರು ಕಡೆ ಬಂಡೆ ಮುಚ್ಚಿದ ಕಣಿವೆಗೆ ಅಟ್ಟಿದರೆ ಬೇಲಿಯೇ ಬೇಕಿರಲಿಲ್ಲ. ದನ ಹುಡುಕಿಕೊಂಡು ಬಂದ ಕೆಲವರು ವಾಪಸ್ ಹೋಗಲೇ ಇಲ್ಲವಂತೆ. ಆಮೇಲೆ ಬಚ್ಚಿಟ್ಟ ಚಿನ್ನಕ್ಕಾಗಿ ಜಗಳ ಹತ್ತಿ, ಒಬ್ಬ ಇನ್ನೊಬ್ಬನನ್ನು ಕೊಂದ. ಸತ್ತವನ ಹೆಂಡತಿ ಮಗುವನ್ನು ಎತ್ತಿಕೊಂಡು ಕತ್ತಲಲ್ಲಿ ತಪ್ಪಿಸಿಕೊಂಡಳು. ಊರವರು ಬಂದು ಉಳಿದವನನ್ನೂ ಅವನ ಜೊತೆಗಾರರನ್ನೂ ಅದೇ ಕಾಟನ್‌ವುಡ್ ಮರಕ್ಕೆ ನೇಣು ಹಾಕಿದರು. ಮನೆ ಪಾಳುಬಿತ್ತು. ರಾತ್ರಿ ಮರದಿಂದ ನರಳಾಟ ಕೇಳುತ್ತದೆ ಎಂಬ ಮಾತು ಹುಟ್ಟಿಕೊಂಡಿತು.

ಈ ಕತೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಕೊಲೆಯೂ ಅಲ್ಲ, ಚಿನ್ನವೂ ಅಲ್ಲ. ಇಲ್ಲಿ ಕೆಟ್ಟ ಶಕ್ತಿಗಳಿವೆ ಎಂಬ ಸುದ್ದಿಯನ್ನು ಮೊದಲು ಹಬ್ಬಿಸಿದವರು ಆ ಅಣ್ಣತಮ್ಮಂದಿರೇ ಎಂದು ಅಲ್ಲಿನವರು ಹೇಳುತ್ತಾರೆ. ಆರು ಅಡಿ ಎತ್ತರದ, ಮೈತುಂಬ ಕೆಂಪು ಕೂದಲಿನ ಮಣ್ಣಿನ ಮಕ್ಕಳು ರಾತ್ರಿ ಅಳುತ್ತವೆ ಎಂಬುದು ಒಂದು ಕತೆ. ಎದುರಿನ ಒಂಟಿ ಗುಡ್ಡದ ಕೆಳಗೆ ವಿವರಾನ್ ಎಂಬ ಮೂವತ್ತು ಅಡಿ ಉದ್ದದ ಹಾವು ಮಲಗಿದೆ ಎಂಬುದು ಇನ್ನೊಂದು. ಕೂಡಿಹಾಕಿದ ದನಗಳು ಕತ್ತಲಲ್ಲಿ ಕೂಗಿದರೂ ಕೇಳಿದವರು ಹತ್ತಿರ ಸುಳಿಯುತ್ತಿರಲಿಲ್ಲ. ಆ ಕೂಗಿಗೆ ಕಾರಣ ಏನೆಂದು ಅವರಿಗೆ ಮೊದಲೇ ಹೇಳಿಕೊಡಲಾಗಿತ್ತಲ್ಲ.

ಹಾಗಾದರೆ ಕಳ್ಳರು ಹೋದ ಮೇಲೂ ಸದ್ದು ಏಕೆ ನಿಲ್ಲಲಿಲ್ಲ? ಮೊದಲು ಆ ಮರವನ್ನೇ ನೋಡೋಣ. ಕಾಟನ್‌ವುಡ್ ಎಲೆಯೊಂದನ್ನು ಕಿತ್ತು ತೊಟ್ಟನ್ನು ಬೆರಳುಗಳ ನಡುವೆ ಹೊರಳಿಸಿದರೆ ಅದು ಸಲೀಸಾಗಿ ಉರುಳುವುದಿಲ್ಲ. ಬೇರೆ ಎಲೆಗಳ ತೊಟ್ಟಿನ ಹಾಗೆ ದುಂಡಗಿಲ್ಲದೆ, ಎಲೆಯ ಅಗಲಕ್ಕೆ ಅಡ್ಡಲಾಗಿ ಚಪ್ಪಟೆಯಾಗಿ, ತೆಳು ಪಟ್ಟಿಯ ಹಾಗಿರುತ್ತದೆ. ಪಟ್ಟಿ ಒಂದು ದಿಕ್ಕಿಗೆ ಬಿಗಿ, ಇನ್ನೊಂದು ದಿಕ್ಕಿಗೆ ಸಡಿಲ. ಹೀಗಾಗಿ ಮುಖಕ್ಕೆ ತಾಕಿದರೂ ಗೊತ್ತಾಗದಷ್ಟು ಸಣ್ಣ ಗಾಳಿಗೇ ಎಲೆ ಅತ್ತಿತ್ತ ಹೊಯ್ದಾಡುತ್ತದೆ. ನಮ್ಮ ಅರಳಿ ಎಲೆ ಗಾಳಿಯಿಲ್ಲದಾಗಲೂ ನಡುಗುವುದನ್ನು ಕಂಡವರಿಗೆ ಇದು ಹೊಸದೆನಿಸಲಿಕ್ಕಿಲ್ಲ. ಆದರೆ ಕಾಟನ್‌ವುಡ್ ಎಲೆ ಗಡುಸು, ಮೇಲೆ ಮೇಣದ ಲೇಪ ಬೇರೆ. ಸಾವಿರಾರು ಎಲೆಗಳು ಒಂದಕ್ಕೊಂದು ಬಡಿದಾಗ ಮಳೆ ಬಂದ ಹಾಗೆ, ದೂರದಲ್ಲಿ ಯಾರೋ ಪಿಸುಗುಟ್ಟಿದ ಹಾಗೆ ಕೇಳುತ್ತದೆ. ಮಳೆಯೇ ಅಪರೂಪವಾದ ನಾಡಿನಲ್ಲಿ ನಡುರಾತ್ರಿ ಮಳೆಯ ಸದ್ದು ಕೇಳಿ ಬಾಗಿಲು ತೆಗೆದರೆ ನೆಲ ಒಣಗಿಯೇ ಇರುತ್ತದೆ. ಮೈ ಜುಮ್ಮೆನ್ನಲು ಇಷ್ಟು ಸಾಕು.

ಇನ್ನು ದೂರದ ಸದ್ದುಗಳು. ಈ ಬಯಲು ಸಮುದ್ರಮಟ್ಟದಿಂದ ಸುಮಾರು 2,000 ಮೀಟರ್ ಎತ್ತರದಲ್ಲಿದೆ. ಗಾಳಿ ಒಣ, ಆಕಾಶ ನಿಚ್ಚಳ. ಹೊತ್ತು ಮುಳುಗಿದ ಕೂಡಲೇ ನೆಲ ತನ್ನ ಶಾಖವನ್ನು ಬಿಟ್ಟುಕೊಡುತ್ತದೆ. ನೆಲಕ್ಕೆ ಅಂಟಿದ ಗಾಳಿ ತಣ್ಣಗಾಗುತ್ತದೆ, ಅದರ ಮೇಲಿನ ಪದರ ಬೆಚ್ಚಗೇ ಉಳಿಯುತ್ತದೆ. ಬೆಚ್ಚಗಿನ ಗಾಳಿಯಲ್ಲಿ ಶಬ್ದದ ವೇಗ ಹೆಚ್ಚು. ಹಾಗಾಗಿ ಮೇಲಕ್ಕೆ ಹೊರಟ ಶಬ್ದದ ಅಲೆ ಅಲ್ಲಿಂದ ಬಾಗಿ ಮತ್ತೆ ನೆಲದ ಕಡೆಗೇ ಇಳಿಯುತ್ತದೆ. ಹಗಲಿನಲ್ಲಿ ಮೇಲಕ್ಕೆ ಬಾಗಿ ಕಳೆದುಹೋಗುತ್ತಿದ್ದ ಕೂಗು ರಾತ್ರಿ ಎಷ್ಟೋ ದೂರ ಸಾಗಿ ಬಂದು ಕಿವಿಗೆ ಬೀಳುತ್ತದೆ. ಬಂಡೆಗೋಡೆಗಳಿಗೆ ಬಡಿದು ಬಂದ ಮಾರ್ದನಿ ಸೇರಿದರೆ ಕೂಗು ಯಾವ ದಿಕ್ಕಿನದು ಎಂದೂ ಹೇಳಲಾಗದು. ಆ ಕಣಿವೆಗಳಲ್ಲಿ ಪ್ಯೂಮಾ ಎಂಬ ದೊಡ್ಡ ಕಾಡುಬೆಕ್ಕುಗಳಿವೆ. ಬೆದೆಗೆ ಬಂದ ಹೆಣ್ಣು ಪ್ಯೂಮಾದ ಕೂಗು ಹೆಂಗಸಿನ ಚೀತ್ಕಾರದಂತೆಯೇ ಇರುತ್ತದೆ. ತೋಳದ ಜಾತಿಯ ಕೊಯೋಟಿಗಳು ಒಂದೇ ಉಸಿರಿನಲ್ಲಿ ಸ್ವರವನ್ನು ಏರಿಳಿಸಿ ಊಳಿಡುತ್ತವೆ, ಎರಡೇ ಇದ್ದರೂ ಹಿಂಡೇ ಬಂದಂತೆ ಕೇಳುತ್ತದೆ.

ಸದ್ದಿಗೆ ಕಾರಣ ಸಿಕ್ಕಿತು, ಭಯಕ್ಕೆ? 1997ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಜನರನ್ನು ಎರಡು ಗುಂಪು ಮಾಡಿ, ಬಳಕೆ ತಪ್ಪಿದ ಹಳೆಯ ನಾಟಕಶಾಲೆಯೊಂದನ್ನು ಸುತ್ತಿಬರಲು ಹೇಳಿದ್ದರು. ಒಂದು ಗುಂಪಿಗೆ ಅಲ್ಲಿ ದೆವ್ವದ ಕಾಟವಿದೆ ಎಂದೂ, ಇನ್ನೊಂದಕ್ಕೆ ಕಟ್ಟಡದ ದುರಸ್ತಿ ನಡೆದಿದೆ ಎಂದೂ ತಿಳಿಸಲಾಗಿತ್ತು. ದೆವ್ವದ ಮಾತು ಕೇಳಿದವರಿಗೇ ಹೆಚ್ಚು ಹೆಚ್ಚು ವಿಚಿತ್ರ ಅನುಭವಗಳಾದವು. ಕಟ್ಟಡ ಒಂದೇ, ಕಿವಿಗೆ ಬಿದ್ದ ಮಾತು ಮಾತ್ರ ಬೇರೆ. ಕಿವಿಗೆ ಕೇಳದ, ಅತಿ ತಗ್ಗಿನ ಕಂಪನಾಂಕದ ಶಬ್ದವೇ ದೆವ್ವದ ಭ್ರಮೆ ಹುಟ್ಟಿಸುತ್ತದೆ ಎಂಬ ವಾದ ಈಗ ಎಲ್ಲೆಡೆ ಓಡಾಡುತ್ತಿದೆ. ನನಗೆ ಅದರಲ್ಲಿ ಅಷ್ಟು ನಂಬಿಕೆಯಿಲ್ಲ. 2009ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ ಲಂಡನ್ನಿನ ಸಂಶೋಧಕರು ಅದಕ್ಕಾಗಿಯೇ ಒಂದು ಕೋಣೆ ಸಿದ್ಧಪಡಿಸಿ 79 ಜನರನ್ನು ಪರೀಕ್ಷಿಸಿದ್ದರು. ಆ ಶಬ್ದ ಇದ್ದಾಗಲೂ ಇಲ್ಲದಾಗಲೂ ಅನುಭವಗಳಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ.

ವಿವರಾನ್ ಹಾವಿನ ವಿಷಯಕ್ಕೆ ಬರೋಣ. ಅಲ್ಲಿನ ಕೆಂಪು ಮಣ್ಣು ಚಿನ್ಲೆ ಶಿಲಾಸ್ತರದ್ದು, ಇಪ್ಪತ್ತು ಕೋಟಿ ವರ್ಷಕ್ಕೂ ಹಳೆಯದು. 1930ರ ಆಸುಪಾಸಿನಲ್ಲಿ ಬರ್ಕ್ಲಿಯ ಚಾರ್ಲ್ಸ್ ಕ್ಯಾಂಪ್ ಎಂಬ ವಿಜ್ಞಾನಿ ಇಲ್ಲಿ ಫೈಟೊಸಾರ್‌ಗಳ ಪಳೆಯುಳಿಕೆಗಳನ್ನು ಅಗೆದು ತೆಗೆದರು. ಉದ್ದ ಮೂತಿಯ, ನೋಡಲು ಮೊಸಳೆಯಂಥ ಪ್ರಾಣಿಗಳು ಅವು. ಮಳೆಗೆ ಕೊರೆದ ಇಳಿಜಾರಿನಲ್ಲಿ ಹೊರಬಿದ್ದ ದೊಡ್ಡ ಬೆನ್ನೆಲುಬಿನ ಸಾಲನ್ನು ಯಾರೋ ದನ ಮೇಯಿಸುವವರು ಕಂಡಿರಬಹುದು, ಹಾವಿನ ಕತೆ ಅಲ್ಲಿಂದ ಬೆಳೆದಿರಬಹುದು. ಇದು ನನ್ನ ಊಹೆ ಅಷ್ಟೆ. ಆದರೂ ಆ ನೆಲದಲ್ಲಿ ನಡೆದಾಡುವವರಿಗೆ ಎಲುಬು ಕಾಲಿಗೆ ತೊಡರುವುದಂತೂ ನಿಜ.

1947ರ ಬೇಸಿಗೆಯಲ್ಲಿ ನ್ಯೂಯಾರ್ಕಿನ ಅಮೆರಿಕನ್ ಮ್ಯೂಸಿಯಂ ಆಫ್ ನ್ಯಾಚುರಲ್ ಹಿಸ್ಟರಿಯ ಎಡ್ವಿನ್ ಕೋಲ್ಬರ್ಟ್ ಅರಿಜೋನಾಕ್ಕೆ ಹೊರಟವರು ಒಂದೆರಡು ದಿನಕ್ಕೆಂದು ಇಲ್ಲಿ ಇಳಿದುಕೊಂಡರು. ಅವರ ಸಹಾಯಕ ಜಾರ್ಜ್ ವಿಟೇಕರ್ ಇಳಿಜಾರಿನ ಮಣ್ಣಿನಲ್ಲಿ ಸಣ್ಣ ಉಗುರೆಲುಬೊಂದನ್ನು ಹೆಕ್ಕಿದರು. ಮಣ್ಣು ಬಿಡಿಸುತ್ತಾ ಹೋದರೆ ಒಂದರ ಮೇಲೊಂದು ಬಿದ್ದ ಅಸ್ಥಿಪಂಜರಗಳು, ಹಿಂದಕ್ಕೆ ಬಾಗಿದ ಕತ್ತುಗಳು, ಹೆಣೆದುಕೊಂಡ ಬಾಲಗಳು. ಸುಮಾರು ಮೂರು ಮೀಟರ್ ಉದ್ದದ, ಟೊಳ್ಳು ಎಲುಬಿನ ಪುಟ್ಟ ಡೈನೋಸಾರ್ ಕೋಯ್ಲೊಫೈಸಿಸ್ ನೂರಾರು ಸಂಖ್ಯೆಯಲ್ಲಿ ಅಲ್ಲಿ ಹೂತುಹೋಗಿತ್ತು. ಅರಿಜೋನಾದ ಯೋಜನೆ ಅಲ್ಲಿಗೇ ಬಿತ್ತು. ಎಲುಬುಗಳನ್ನು ಕಲ್ಲಿನ ಸಮೇತ ಕತ್ತರಿಸಿ, ಪ್ಲಾಸ್ಟರ್ ಮೆತ್ತಿದ ಗೋಣಿ ಸುತ್ತಿ, ಟನ್‌ಗಟ್ಟಲೆ ತೂಕದ ಗಟ್ಟಿಗಳನ್ನು ಸಾಗಿಸಿದರು.

ಆ ಡೈನೋಸಾರ್‌ಗೂ ಒಂದು ಕೆಟ್ಟ ಹೆಸರು ಅಂಟಿಕೊಂಡಿತು. ಎರಡು ಅಸ್ಥಿಪಂಜರಗಳ ಹೊಟ್ಟೆಯ ಜಾಗದಲ್ಲಿ ಸಣ್ಣ ಎಲುಬುಗಳು ಕಂಡಿದ್ದವು. ತನ್ನ ಮರಿಗಳನ್ನೇ ತಿಂದ ಪ್ರಾಣಿ ಇದು ಎಂದು ಕೋಲ್ಬರ್ಟ್ ತೀರ್ಮಾನಿಸಿದರು. ದಶಕಗಟ್ಟಲೆ ಪುಸ್ತಕಗಳಲ್ಲಿ ಅದೇ ಮಾತು ಉಳಿಯಿತು. 2006ರಲ್ಲಿ ಅದೇ ಎಲುಬುಗಳನ್ನು ಮತ್ತೆ ಪರಿಶೀಲಿಸಿದಾಗ, ಒಂದರ ಹೊಟ್ಟೆಯಲ್ಲಿದ್ದದ್ದು ಮೊಸಳೆಯ ದೂರದ ಬಂಧುವಿನ ಎಲುಬು ಎಂದು ಗೊತ್ತಾಯಿತು. ಇನ್ನೊಂದರಲ್ಲಿ ಎಲುಬುಗಳು ಹೊಟ್ಟೆಯ ಒಳಗೇ ಇರಲಿಲ್ಲ, ದೇಹದ ಅಡಿಯಲ್ಲಿ ಸಿಕ್ಕಿಕೊಂಡಿದ್ದವು. ಬೇರೆ ಮಾದರಿಗಳನ್ನು ಮುಂದಿಟ್ಟು ಹಳೆಯ ಮಾತನ್ನು ಎತ್ತಿಹಿಡಿಯುವವರು ಈಗಲೂ ಇದ್ದಾರೆ. ಆದರೆ ವಾದ ನಡೆಯುವುದು ಎಲುಬನ್ನು ಎದುರಿಗಿಟ್ಟುಕೊಂಡು. ಆ ಕಾಟನ್‌ವುಡ್ ಮರದ ಕತೆಗೆ ಇಂಥ ಭಾಗ್ಯ ಸಿಗಲಿಲ್ಲ ಎಂಬುದು ನನ್ನ ಕೊರಗು. ಅಲ್ಲಿ ನೇಣಿಗೇರಿದವರು ನಿಜಕ್ಕೂ ಬದುಕಿದ್ದ ಮನುಷ್ಯರಾಗಿದ್ದರೆ, ಅವರದ್ದೂ ಅವರ ಕೈಯಲ್ಲಿ ಸತ್ತವರದ್ದೂ ಕತೆಯನ್ನು ಯಾರಾದರೂ ಅಷ್ಟೇ ಜತನದಿಂದ ಕೆದಕಿ ನೋಡಬೇಕಿತ್ತು.

ನ್ಯೂಯಾರ್ಕಿಗೆ ಹೋದ ಗಟ್ಟಿಗಳಲ್ಲಿ ಕೆಲವನ್ನು ಸುಮಾರು ಆರು ದಶಕ ಯಾರೂ ಒಡೆಯಲೇ ಇಲ್ಲ. ಒಳಗಿರುವುದೆಲ್ಲ ಕೋಯ್ಲೊಫೈಸಿಸ್ ತಾನೇ ಎಂದುಕೊಂಡಿದ್ದರು. ಸ್ಟರ್ಲಿಂಗ್ ನೆಸ್ಬಿಟ್ ಎಂಬ ವಿದ್ಯಾರ್ಥಿ ಒಂದನ್ನು ಬಿಡಿಸಿದಾಗ ಸಿಕ್ಕಿದ್ದು ಬೇರೆಯೇ ಪ್ರಾಣಿ: ಹಲ್ಲಿಲ್ಲದ ಕೊಕ್ಕು, ಎರಡು ಕಾಲ ಮೇಲೆ ಓಡುವ ಮೈಕಟ್ಟು, ಆದರೆ ಮೊಸಳೆಯ ವಂಶದ್ದು. 2006ರಲ್ಲಿ ಅದಕ್ಕೆ ಎಫಿಜಿಯಾ ಎಂದು, ಅಂದರೆ ದೆವ್ವ ಎಂದೇ ಹೆಸರಿಟ್ಟರು. ಇದೇ ರಾಂಚ್‌ನಲ್ಲಿ 1940ರಲ್ಲಿ ಮನೆ ಕೊಂಡು ಈ ಬಂಡೆಗಳನ್ನು ಚಿತ್ರಿಸಿದ ಜಾರ್ಜಿಯಾ ಓ’ಕೀಫ್ ಅವರ ಹೆಸರನ್ನೂ ಅದಕ್ಕೆ ಸೇರಿಸಿದರು. 2011ರಲ್ಲಿ ಅದೇ ಗುಂಡಿಯ ಇನ್ನೊಂದು ಗಟ್ಟಿಯಿಂದ ಉಬ್ಬುಹಲ್ಲಿನ ತಲೆಬುರುಡೆಯೊಂದು ಹೊರಬಂತು. ಕಳ್ಳರ ಕತೆಯಲ್ಲಿದ್ದ ಕೆಟ್ಟ ಶಕ್ತಿಗಳನ್ನು ನೆನೆದು ಅದನ್ನು ಡೀಮನೊಸಾರಸ್ ಎಂದು ಕರೆದರು. 2016ರಲ್ಲಿ ಹತ್ತಿರದ ಇನ್ನೊಂದು ಗುಂಡಿಯಲ್ಲಿ ಸಿಕ್ಕ, ಸುಮಾರು 21 ಕೋಟಿ ವರ್ಷ ಹಿಂದಿನ ದೊಡ್ಡ ಬೇಟೆಗಾರ ಪ್ರಾಣಿಗೆ ವಿವರಾನ್ ಎಂಬ ಹೆಸರೇ ಬಂತು.

ರಾಂಚ್‌ನೊಳಗಿನ ಪುಟ್ಟ ಮ್ಯೂಸಿಯಂನಲ್ಲಿ ಕೋಯ್ಲೊಫೈಸಿಸ್ ಸಿಕ್ಕ ಗುಂಡಿಯಿಂದ ತಂದ ಒಂದು ದೊಡ್ಡ ಗಟ್ಟಿಯನ್ನು ಎಲ್ಲರಿಗೂ ಕಾಣುವಂತೆ ಇಟ್ಟಿದ್ದಾರೆ. ಸೂಜಿ, ಕುಂಚ ಹಿಡಿದು ಕೂದಲೆಳೆಯಷ್ಟು ಕೂದಲೆಳೆಯಷ್ಟು ಕಲ್ಲನ್ನು ಬಿಡಿಸುವ ಕೆಲಸ ಅದು. ಕೆಂಪು ಮಣ್ಣುಗಲ್ಲಿನ ನಡುವೆ ಪಕ್ಕೆಲುಬುಗಳು ಬೆಳ್ಳಗೆ ಎದ್ದಿವೆ.